ಸುಮತಿ ಅತ್ತೆಯ ನೀಲಿ ಗಾಡಿ

ಬಿಸಿಲಿನಲ್ಲಿ ಬಹಳ ಹೊತ್ತು ನಿಂತ ಹಳೆಯ ಕಾರಿನ ಬಾಗಿಲು ತೆರೆದರೆ ಒಳಗಿನಿಂದ ಒಂದು ವಾಸನೆ ಬರುತ್ತದೆ. ಕಾದ ರೆಕ್ಸಿನ್, ಅದರಡಿಯ ತೆಂಗಿನ ನಾರು, ಎಲ್ಲೋ ಒಂದಿಷ್ಟು ಪೆಟ್ರೋಲು ಎಲ್ಲ ಬೆರೆತ ವಾಸನೆ. ಈಗಿನ ಗಾಡಿಗಳಲ್ಲಿ ಅದಿಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ನೆರೂಳದ ನಮ್ಮ ಕಟ್ಟಡದ ಕೆಳಗೆ ಯಾರೋ ತಂದು ನಿಲ್ಲಿಸಿದ್ದ ಹಳೆಯ ಕಾರಿನ ಪಕ್ಕದಲ್ಲಿ ಹಾದುಹೋಗುವಾಗ ಅದೇ ವಾಸನೆ ಮೂಗಿಗೆ ಬಡಿಯಿತು. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಡೊಂಬಿವಲಿಯ ನಮ್ಮ ಹೆಂಚಿನ ಮನೆ, ಬಾವಿಕಟ್ಟೆ, ಅಂಗಳದ ಬಾದಾಮಿ ಮರ, ಆ ಮರದಡಿ ನಿಂತ ಎರಡೇ ಸೀಟಿನ ಪುಟ್ಟ ಗಾಡಿ ಎಲ್ಲವೂ ಕಣ್ಣೆದುರು ಬಂದವು. ಈಗ ಇಲ್ಲದ ಒಂದು ಮನೆ ನಿಮಗೂ ಇದ್ದರೆ, ಹೀಗೆ ದಾರಿಯ ನಡುವೆ ನಿಂತುಬಿಡುವುದು ಎಂದರೇನೆಂದು ನಾನು ಹೇಳಬೇಕಾಗಿಲ್ಲ.

ಆ ಮನೆ ನಡೆಯುತ್ತಿದ್ದದ್ದು ಅಜ್ಜನ ಧೈರ್ಯದ ಮೇಲೆ. ಉಡುಪಿ ಕಡೆಯಿಂದ ಹುಡುಗನಾಗಿ ಬಂದು ಕಲ್ಯಾಣ ಸ್ಟೇಷನ್ನಿನ ಹತ್ತಿರ ಸ್ವಂತ ಹೋಟೆಲು ಮಾಡಿದ ಮನುಷ್ಯ. ಸಂಜೆ ಮನೆಗೆ ಬಂದರೆ ಅವರ ಅಂಗಿಯಿಂದ ಕಾಫಿ ಡಿಕಾಕ್ಷನ್ನಿನ, ಒಗ್ಗರಣೆಯ ಪರಿಮಳ ಬರುತ್ತಿತ್ತು. ಯಾವ ಕೆಲಸ ಹೇಳಿದರೂ ‘ಆಗ್ತದೆ, ಯಾಕೆ ಆಗುದಿಲ್ಲ?’ ಎನ್ನುವುದು ಅವರ ರೂಢಿ. ಅವರ ಮಗಳು ಸುಮತಿ, ನನ್ನ ಸೋದರತ್ತೆ, ಥಾಣೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದ ಅವರ ಎಡಗಾಲು ಸೊರಗಿತ್ತು. ಚರ್ಮದ ಪಟ್ಟಿ ಬಿಗಿದ ಕಬ್ಬಿಣದ ಸರಳು ಕಟ್ಟಿಕೊಂಡು, ಟಕ್ ಟಕ್ ಎಂದು ಸದ್ದು ಮಾಡುತ್ತ, ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದರು. ದಿನವೂ ಲೋಕಲ್ ರೈಲು, ದಿನವೂ ಸೇತುವೆಯ ಮೆಟ್ಟಿಲು.

ಒಂದು ಮಳೆಗಾಲದಲ್ಲಿ ಥಾಣೆಯಲ್ಲಿ ಇಳಿಯುವಾಗ ಹಿಂದಿನಿಂದ ಜನ ಒತ್ತಿ ಅತ್ತೆ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದರು. ಮಣಿಕಟ್ಟು ಮುರಿಯಿತು, ಕನ್ನಡಕ ಯಾರದೋ ಕಾಲಡಿ ಪುಡಿಯಾಯಿತು. ನನ್ನ ಅಪ್ಪ ಹೆದರಿಹೋದರು. ಅಪ್ಪ ಅತ್ತೆಗೆ ಅಣ್ಣ. ಎಳೆಯ ತಂಗಿಯನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದವರು. “ಸಾಕು ಸುಮತಿ, ಇನ್ನು ಕೆಲಸ ಬಿಡು” ಎಂದರು.

“ಬಿಟ್ಟು ಎಂತ ಮಾಡುದು ಅಣ್ಣಾ? ಕಿಟಕಿ ಹತ್ರ ಕೂತು ದಾರಿ ನೋಡುದಾ?” ಎಂದರು ಅತ್ತೆ.

ಅಜ್ಜ ಮುಂದಿನ ವಾರ ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಉಲ್ಹಾಸನಗರಕ್ಕೆ ಹೊರಟರು. ಅಲ್ಲಿ ಲಾಲಚಂದ್ ಭಾಯಿಯ ಗ್ಯಾರೇಜು. ಆತ ಅಜ್ಜನ ಹೋಟೆಲಿನ ಹಳೆಯ ಗಿರಾಕಿ, ಇಡ್ಲಿಯ ಜೊತೆ ಎರಡನೆಯ ಸಲವೂ ಚಟ್ನಿ ಕೇಳುವ ಆಸಾಮಿ. ಅಂಗಳದ ಮೂಲೆಯಲ್ಲಿ, ಗೋಣಿಚೀಲಗಳ ಕೆಳಗೆ, ಮೇಲ್ಛಾವಣಿಯಿಲ್ಲದ ಒಂದು ವಿಲಾಯಿತಿ ಸ್ಪೋರ್ಟ್ಸ್ ಕಾರು ಬಿದ್ದಿತ್ತು. ದೇಶ ಬಿಟ್ಟು ಹೋದ ಯಾರೋ ಅದನ್ನು ಅಲ್ಲಿಯೇ ಬಿಟ್ಟಿದ್ದರಂತೆ. ಸೀಟಿನ ನಾರಿನಲ್ಲಿ ಕೋಳಿಯೊಂದು ಮೊಟ್ಟೆ ಇಟ್ಟು ಕೂತಿತ್ತು. “ಅಪ್ಪಯ್ಯ, ಇದು ಗಾಡಿಯಾ, ಕೋಳಿಗೂಡಾ?” ಎಂದರು ಅಪ್ಪ. ಅಜ್ಜ ಪಂಚೆ ಎತ್ತಿ ಕಟ್ಟಿ, ಬಾಗಿಲು ತೆರೆದು, ಕೋಳಿ ಇಲ್ಲದ ಸೀಟಿನಲ್ಲಿ ಮೊದಲು ಕೂತು, ಆಮೇಲೆ ಕಾಲು ಒಳಗೆಳೆದುಕೊಂಡರು. “ನೋಡು, ಬಸ್ಸು ಹತ್ತುವ ಹಾಗೆ ಕಾಲೆತ್ತಬೇಕಾಗಿಲ್ಲ. ಚಾಪೆ ಮೇಲೆ ಕೂತ ಹಾಗೆ ಕೂತರೆ ಆಯ್ತು.” ಲಾಲಚಂದ್ ಭಾಯಿ ಬಾನೆಟ್ಟಿನ ಮೇಲೆ ತಟ್ಟಿದ. “ಅಣ್ಣಾ, ಇಂಜಿನ್ ಅಚ್ಛಾ ಹೈ. ಬಾಕಿ ಸಬ್ ಹೋ ಜಾಯೇಗಾ.” ‘ಆಗ್ತದೆ’ ಎನ್ನುವ ಇಬ್ಬರು ಒಂದೆಡೆ ಸೇರಿದ ಮೇಲೆ ತಡೆಯುವವರು ಯಾರು?

ಕೆಲಸ ತಿಂಗಳುಗಟ್ಟಲೆ ನಡೆಯಿತು, ಅತ್ತೆಗೆ ಗೊತ್ತಾಗದ ಹಾಗೆ. ತುಕ್ಕು ತಿಂದ ನೆಲದ ತಗಡನ್ನು ಕಿತ್ತು ಹೊಸದನ್ನು ಬೆಸೆದರು. ಇಂಜಿನ್ನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯ ಮೇಲೆ ಒಣಗಿಸಿದರು. ಮಳೆಗೆ ಮುಚ್ಚುವ ಮಾಡನ್ನು ನನ್ನ ಅಮ್ಮ ದಪ್ಪ ಕ್ಯಾನ್ವಾಸಿನಲ್ಲಿ ಹೊಲಿದಳು. ಹೊಲಿಗೆ ಯಂತ್ರದ ಸೂಜಿ ಮುರಿದಾಗಲೆಲ್ಲ “ಈ ಮಾವನಿಗೆ ಬೇರೆ ಕೆಲಸ ಇಲ್ಲ” ಎನ್ನುತ್ತ ಇನ್ನೊಂದು ಸೂಜಿ ಹಾಕುತ್ತಿದ್ದಳು. ಎಡಗಾಲಿನಿಂದ ಒತ್ತುವ ಕ್ಲಚ್ಚಿನ ಬದಲು ಕೈಯಿಂದ ಎಳೆಯುವ ಒಂದು ಕೋಲನ್ನು ಸೀಟಿನ ಪಕ್ಕದಲ್ಲಿ ಕೂರಿಸಿದ್ದರು.

ದೀಪಾವಳಿಯ ಬೆಳಿಗ್ಗೆ ಗಾಡಿ ನಮ್ಮ ಅಂಗಳಕ್ಕೆ ಬಂತು. ಇನ್ನೂ ಬಣ್ಣ ಬಳಿದಿರಲಿಲ್ಲ. ಮೈಯೆಲ್ಲ ಇಟ್ಟಿಗೆ ಕೆಂಪಿನ ಪ್ರೈಮರ್. ಎಣ್ಣೆಸ್ನಾನ ಮುಗಿಸಿ ಬಂದ ಅತ್ತೆ ಗಾಡಿಯನ್ನು ನೋಡಿದರು, ಆ ಕೋಲನ್ನು ನೋಡಿದರು. ಮುಖ ಗಟ್ಟಿಯಾಯಿತು.

“ನಾನು ಕೇಳಿದ್ನಾ ಅಪ್ಪಯ್ಯ? ನನ್ನ ಕಾಲಿನ ಮೇಲೆ ಕನಿಕರ ತೋರಿಸ್ಲಿಕ್ಕೆ ಒಂದು ಗಾಡಿಯೇ ಬೇಕಿತ್ತಾ?”

“ಕನಿಕರ ಆಗಿದ್ರೆ ರಿಕ್ಷಾ ಗೊತ್ತು ಮಾಡಿ ಕೊಡ್ತಿದ್ದೆ ಮಗಾ” ಎಂದರು ಅಜ್ಜ. “ಇದು ನನ್ನ ಜಂಭ. ನನ್ನ ಮಗಳು ಇಡೀ ಊರಿನ ಎದುರು ಗಾಡಿ ಓಡಿಸ್ಬೇಕು, ನಾನು ಪಕ್ಕದಲ್ಲಿ ಕೂತಿರ್ಬೇಕು. ಅಷ್ಟೇ.”

ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನದಿಂದ ಮತ್ತೆ ಅದೇ ಲೋಕಲ್. ಗಾಡಿ ಮರದಡಿ ನಿಂತಿತು; ಬಾದಾಮಿ ಎಲೆಗಳು ಕೆಂಪಾಗಿ ಅದರ ಮೇಲೆ ಉದುರಿದವು. ನೆರೆಹೊರೆಯವರು ನಕ್ಕರು. ಅಜ್ಜ ದಿನವೂ ಹೋಟೆಲಿಗೆ ಹೊರಡುವ ಮುನ್ನ ಆ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತಿದ್ದರು. ಅತ್ತೆ ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದದ್ದು ನನಗೆ ಗೊತ್ತು.

ಒಂದು ಭಾನುವಾರ ತಲೆಗೆ ಮಿಂದು, ಒದ್ದೆ ಕೂದಲು ಹರಡಿಕೊಂಡೇ ಅತ್ತೆ ಅಂಗಳಕ್ಕೆ ಬಂದು ಗಾಡಿಯೊಳಗೆ ಕೂತರು. ಸ್ಟೇರಿಂಗ್ ತಿರುಗಿಸಿದರು, ಗೇರು ಹಾಕಿದರು, ಕೋಲನ್ನು ಎಳೆದರು. ಮತ್ತೆ ಮತ್ತೆ ಎಳೆದರು. ಆಮೇಲೆ ಜಗಲಿಯತ್ತ ತಿರುಗಿ, “ಅಪ್ಪಯ್ಯ, ಒಂದು ಕೈ ಸ್ಟೇರಿಂಗಿಗೆ, ಒಂದು ಕೈ ಗೇರಿಗೆ. ಈ ಕೋಲಿಗೆ ಮೂರನೇ ಕೈ ಎಲ್ಲಿಂದ ತರುದು?” ಎಂದರು. ಅಜ್ಜ ಇಳಿದು ಬಂದು ಕೋಲನ್ನು ತಾವೇ ಎಳೆದು, ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಅವರನ್ನು ಹಾಗೆ ನಾನು ನೋಡಿದ್ದೇ ಇಲ್ಲ. ಅತ್ತೆ ಗೇಟಿನಾಚೆ ನಿಂತಿದ್ದ ಪಕ್ಕದ ಮನೆಯ ಸ್ಕೂಟರನ್ನು ತೋರಿಸಿದರು. “ಅದರಲ್ಲಿ ಕ್ಲಚ್ಚು, ಗೇರು ಎರಡೂ ಒಂದೇ ಕೈಯಲ್ಲಿ ಉಂಟಲ್ಲ. ಹಾಗೇ ಗೇರಿನ ಕೋಲಿಗೇ ಕ್ಲಚ್ಚಿನ ಹಿಡಿ ಕಟ್ಟಲಿಕ್ಕೆ ಹೇಳಿ. ಹಿಚುಕುದು, ಗೇರು ಬದಲಿಸುದು, ಬಿಡುದು.”

ಅಜ್ಜ ಊಟಕ್ಕೂ ಕೂರದೆ ಉಲ್ಹಾಸನಗರಕ್ಕೆ ಓಡಿದರು. ಆ ಕೆಲಸ ಸುಲಭವಾಗಿ ಆಗಲಿಲ್ಲ. ಕೇಬಲ್ ತುಂಡಾಗುತ್ತಲೇ ಇತ್ತು, ಹಿಡಿ ಕಲ್ಲಿನಂತೆ ಬಿಗಿಯಾಗಿತ್ತು. ಈಗ ಭಾನುವಾರಗಳಂದು ಅತ್ತೆಯೇ ಗ್ಯಾರೇಜಿಗೆ ಹೋಗತೊಡಗಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿಡಿ ಎಷ್ಟು ಉದ್ದ ಇರಬೇಕು, ಸ್ಪ್ರಿಂಗು ಎಷ್ಟು ಸಡಿಲ ಇರಬೇಕು ಎಂದು ಲಾಲಚಂದ್ ಭಾಯಿಯೊಂದಿಗೆ ಹಿಂದಿಯಲ್ಲಿ ವಾದಿಸುತ್ತಿದ್ದರು. ಅಜ್ಜನಿಗೆ ಕೆಂಪು ಬಣ್ಣದ ಆಸೆ. “ಶಾಲೆಗೆ ಹೋಗುವ ಗಾಡಿ ಅಪ್ಪಯ್ಯ, ವೇಷ ಕಟ್ಟುದಲ್ಲ” ಎಂದು ಅತ್ತೆ ಕಡುನೀಲಿ ಆರಿಸಿದರು. ಕೊನೆಗೂ ಹಿಡಿ ಕೈಗೆ ಹೊಂದಿದ ಮೇಲೆ, ಡೊಂಬಿವಲಿಯ ಕಾರ್ಖಾನೆಗಳಿಗೆ ರಜೆಯಿದ್ದ ದಿನ ಅಲ್ಲಿನ ಖಾಲಿ ರಸ್ತೆಯಲ್ಲಿ ಓಡಿಸಲು ಕಲಿತರು. ಲೈಸೆನ್ಸಿನ ಪರೀಕ್ಷೆಗೆ ಬಂದ ಅಧಿಕಾರಿ ಗಾಡಿಯ ಸುತ್ತ ನಡೆದು, ಏರಿನಲ್ಲಿ ನಿಲ್ಲಿಸಿ ಹೊರಡಿಸಲು ಹೇಳಿದರಂತೆ. ಗಾಡಿ ಒಂದಂಗುಲವೂ ಹಿಂದೆ ಜಾರದೆ ಮುಂದೆ ಹೋಯಿತು.

ಆಮೇಲಿನ ವರ್ಷಗಳಲ್ಲಿ ಶಿಳ್ ಫಾಟಾ, ಮುಂಬ್ರಾ, ಕಳವಾ ಊರುಗಳ ದಾರಿಯಲ್ಲಿ ಆ ನೀಲಿ ಗಾಡಿಯನ್ನು ಗುರುತಿಸದವರಿರಲಿಲ್ಲ. ಅಪ್ಪ ಒಬ್ಬರು ಮಾತ್ರ ಅದರಲ್ಲಿ ಕೂರಲಿಲ್ಲ. “ಅದು ನನ್ನ ಎತ್ತರಕ್ಕಲ್ಲ” ಎನ್ನುತ್ತಿದ್ದರು. ಆದರೆ ಅತ್ತೆ ಮನೆಗೆ ಬರುವ ತನಕ ಗೇಟಿನ ಹತ್ತಿರ ಏನಾದರೊಂದು ಕೆಲಸ ಹುಡುಕಿಕೊಂಡಿರುತ್ತಿದ್ದರು. ಅಜ್ಜ ತೀರಿಕೊಂಡಾಗ ಅಸ್ಥಿ ಬಿಡಲು ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ, ಹೋಗಬೇಕಿತ್ತು. ಅತ್ತೆ ಗಾಡಿ ತೆಗೆದು ಗೇಟಿನೆದುರು ನಿಲ್ಲಿಸಿದರು. ಅಪ್ಪ ಮಡಕೆಯನ್ನು ಎದೆಗೊತ್ತಿ ಹಿಡಿದು ಎಡಗಡೆಯ ಸೀಟಿನಲ್ಲಿ ಕೂತರು. ಹಿಂದಿರುಗಿ ಬಂದು ಇಳಿಯುವಾಗ, “ಚೆನ್ನಾಗಿ ಓಡಿಸ್ತಿ ಸುಮತಿ” ಎಂದರು. ಅತ್ತೆ ಅವತ್ತು ಮೊದಲ ಬಾರಿಗೆ ಅತ್ತರು.

ಅತ್ತೆಗೆ ಬಲಗಾಲಿನ ಮಂಡಿಯೂ ಕೈಕೊಟ್ಟ ಮೇಲೆ ಗಾಡಿ ಮಾರಿಹೋಯಿತು. ಕೊಳ್ಳಲು ಬಂದವನು ಆ ಹಿಡಿಯನ್ನು ತೆಗೆಸಿ ಪೆಡಲ್ ಹಾಕಿಸುತ್ತೇನೆ ಎಂದಾಗ ಅತ್ತೆ, “ಹಾಕಿಸಿ. ಅದು ನನ್ನ ಅಳತೆಯದ್ದು, ನಿಮಗೆ ಆಗುದಿಲ್ಲ” ಎಂದು ನಕ್ಕರು. ಮನೆಯಿದ್ದ ಜಾಗದಲ್ಲಿ ಕಟ್ಟಡ ಎದ್ದಿತು. ಬಾವಿ ಮುಚ್ಚಿದರು, ಮರ ಕಡಿದರು. ಅಪ್ಪ, ಅಮ್ಮ, ಕೊನೆಗೆ ಅತ್ತೆ, ಎಲ್ಲರೂ ಹೊರಟುಹೋದರು.

ನನಗೆ ಉಳಿದಿರುವುದು ಒಂದು ಸಂಜೆ. ಭಾನುವಾರ ನಾವು ಮುಂಬ್ರಾದ ಖಾಡಿಯ ದಂಡೆಗೆ ಹೋಗಿದ್ದೆವು. ಮುಂದೆ ಅಜ್ಜ ಮತ್ತು ಅತ್ತೆ, ಸೀಟುಗಳ ಹಿಂದಿನ ಸಂದಿಯಲ್ಲಿ ಕಾಲು ಮಡಚಿಕೊಂಡು ನಾನು. ಮರಳಿನ ದೋಣಿಗಳು ದಡಕ್ಕೆ ಬರುತ್ತಿದ್ದವು. ನೀರಿನ ಬಣ್ಣ ಮಾಸುತ್ತಿತ್ತು. ಅಜ್ಜನಿಗೆ ನಿದ್ದೆ ಹತ್ತಿತ್ತು. “ಹೋಗುವನಾ ಅತ್ತೆ?” ಎಂದು ನಾನು ಪಿಸುಗುಟ್ಟಿದೆ. “ಸ್ವಲ್ಪ ಇರು. ಗಾಡಿ ಅಲುಗಿದ್ರೆ ಎಚ್ಚರ ಆಗ್ತದೆ” ಎಂದರು ಅತ್ತೆ. ಇಂಜಿನ್ ಮೆಲ್ಲಗೆ ಗುನುಗುತ್ತಿತ್ತು. ದೂರದ ಸೇತುವೆಯ ಮೇಲೆ ದೀಪ ಹಚ್ಚಿದ ಲೋಕಲ್ ಒಂದು ಕಿಕ್ಕಿರಿದ ಜನರನ್ನು ಹೊತ್ತು ದಾಟಿಹೋಯಿತು. ಅತ್ತೆ ಅದನ್ನು ಕೊನೆಯ ಡಬ್ಬಿಯವರೆಗೂ ನೋಡಿದರು. ಅಜ್ಜನ ತಲೆ ನಿಧಾನವಾಗಿ ವಾಲಿ ಮಗಳ ಭುಜದ ಮೇಲೆ ನಿಂತಿತು.