ಕಾಲಿಗೆ ಬಾಗಿದಾಗ ಜಾರಿದ ರಿವಾಲ್ವರ್

ಮೂರು ವರ್ಷದ ಹಿಂದಿನ ವಿಜಯದಶಮಿಯ ಸಂಜೆ, ಆರು ಗಂಟೆಗೆ ಹತ್ತು ನಿಮಿಷ ಇತ್ತು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ನಮ್ಮ ಮನೆ ಮುಂದಿನ ಕಟ್ಟೆಯ ಎಡತುದಿಗೆ ನಾನು ನಿಂತಿದ್ದೆ. ನನ್ನ ಬಲಕ್ಕೆ ಎರಡು ಹೆಜ್ಜೆ ದೂರದಲ್ಲಿ ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳ ಪಾದಗಳು ಕೆಳಗಿನ ಹಾಸುಗಲ್ಲಿನ ಮೇಲಿದ್ದವು. ಪಕ್ಕದಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಹುಸೇನಸಾಬರು. ಮಾನ್ವಿಯಲ್ಲಿ ಹೊಲ ಅಳೆಯುವುದು ನನ್ನ ನೌಕರಿ. ಅದಕ್ಕೇ ಇರಬೇಕು, ಆ ಸಂಜೆ ನನಗೆ ಹೆಜ್ಜೆ ಲೆಕ್ಕದಲ್ಲಿ ನೆನಪಿದೆ.

ಬಿಸಿಲು ಇಳಿದು ಓಣಿಯೆಲ್ಲ ಅರಿಶಿಣ ಬಣ್ಣಕ್ಕೆ ತಿರುಗಿತ್ತು. ಮೇಲೆದ್ದ ಧೂಳು ಕೆಳಗಿಳಿಯುವುದನ್ನೇ ಮರೆತಂತೆ ನಿಂತಿತ್ತು. ಜನ ಮನೆಯಿಂದ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟುತ್ತಿದ್ದರು. ಎಲ್ಲರ ನಡಿಗೆಯೂ ನಿಧಾನವಾಗಿತ್ತು.

ಆಗ ಬಸವರಾಜ ಬಂದ. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಈಗ ಅವನು ಗುತ್ತಿಗೆದಾರ. ಯಾರೋ ಬೆದರಿಸಿದರೆಂದು ಆ ವರ್ಷವಷ್ಟೇ ಲೈಸೆನ್ಸ್ ಮಾಡಿಸಿ ಹಳೆಯ ರಿವಾಲ್ವರ್ ಒಂದನ್ನು ಕೊಂಡಿದ್ದ. ಚೀಲವಿಲ್ಲ, ಪಟ್ಟಿಯಿಲ್ಲ, ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿದ್ದ. ಹಿಡಿಯ ಮೇಲೆ ಹಿಂದಿನ ದಿನದ ಆಯುಧಪೂಜೆಯ ಕುಂಕುಮ ಹಾಗೇ ಇತ್ತು.

ಹುಸೇನಸಾಬರು ಮೆಲ್ಲಗೆ ಹೇಳಿದರು: "ಬಸಣ್ಣ, ಅದನ್ನ ಮಂದ್ಯಾಗ ತರಬಾರದು. ಜಾತ್ರಿ, ಮೆರವಣಿಗಿ, ಮಂದಿ ಕೂಡೋ ಕಡಿ ಒಯ್ಯಬಾರದಂತ ಲೈಸೆನ್ಸ್‌ನಾಗೇ ಬರದಿರ್ತದ. ಓದೀಯೇನು?"

"ಚಾಚಾ, ನೀವು ರಿಟೈರ್ ಆದ್ರೂ ಲಾಠಿ ಬಿಟ್ಟಿಲ್ಲ ನೋಡ್ರಿ. ಕಂಡ್ರ ತಾನೇ ಮಂದಿ ಹೆದರೋದು?" ಎಂದು ಬಸವರಾಜ ನಕ್ಕ. ನಾನೂ ನಕ್ಕೆ. ಇದನ್ನು ಮುಚ್ಚಿಡುವುದಿಲ್ಲ.

ಅವನು ಅವ್ವನ ಕೈಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೂಣು ಯವ್ವಾ" ಎಂದು ಬಾಗಿದ. ಅವ್ವ ಅವನ ತಲೆಯ ಮೇಲೆ ಅಂಗೈ ಇಟ್ಟಳು. ಸೊಂಟದಿಂದ ಅದು ಜಾರಿದ್ದು ನನಗೆ ಕಂಡಿತು. ನೀರಿನಲ್ಲಿ ಮುಳುಗುವ ವಸ್ತುವಿನಂತೆ, ತಿರುಗುತ್ತಾ, ಅವಸರವಿಲ್ಲದೆ ಇಳಿಯಿತು. ಕೈ ಚಾಚಬೇಕೆಂದುಕೊಂಡೆ. ಕೈ ಏಳಲಿಲ್ಲ. ಹಾಸುಗಲ್ಲಿಗೆ ತಾಗಿ ಗುಂಡು ಹಾರಿತು.

ಆಮೇಲೆ ಲೋಕದಲ್ಲಿ ಸದ್ದೇ ಇರಲಿಲ್ಲ. ಜನರ ಬಾಯಿ ತೆರೆದು ಮುಚ್ಚುತ್ತಿತ್ತು. ಅವ್ವನ ಮಡಿಲಿನ ಎಲೆಗಳು ಒಂದೊಂದಾಗಿ ಉದುರುತ್ತಿದ್ದವು. ಅವಳ ಅಂಗೈ ಇನ್ನೂ ಅವನ ತಲೆಯ ಮೇಲೇ ಇತ್ತು. ಸೀರೆಯ ಅಂಚು ಹರಿದಿತ್ತು, ಪಾದಕ್ಕೆ ಕಲ್ಲಿನ ಚೂರು ತಾಗಿದಲ್ಲಿ ತೆಳ್ಳಗೆ ರಕ್ತ. ಗುಂಡು ಅವಳ ಎಡ ಹಿಮ್ಮಡಿಯಿಂದ ನಾಲ್ಕು ಬೆರಳು ದೂರದಲ್ಲಿ ಕಟ್ಟೆಯೊಳಗೆ ಹೊಕ್ಕಿತ್ತು. ಅದನ್ನು ಮರುದಿನ ನಾನೇ ಅಳೆದೆ.

ಕಿವಿ ತೆರೆದಾಗ ಮೊದಲು ಕೇಳಿದ್ದು ಬಸವರಾಜನ ಮಾತು. ನನ್ನ ಕೈ ಹಿಡಿದಿದ್ದ. "ಪಟಾಕಿ ಅಂತ ಹೇಳಲೇ. ಕೇಸ್ ಆಗ್ತದ." ಓಡಿಬಂದವರಲ್ಲಿ ಕೆಲವರು ಅದನ್ನೇ ನಂಬಲು ತಯಾರಿದ್ದರು. ನಾನೂ ಹೂಂ ಅನ್ನುವವನಿದ್ದೆ. ಅವನು ನಮ್ಮ ಮನೆಯಲ್ಲಿ ಉಂಡು ಬೆಳೆದವನು. ಹುಸೇನಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು.

ಅವ್ವನೇ ಹೇಳಿದಳು: "ಮುಂದಿನ ಮನ್ಯಾಗೂ ಒಬ್ಬಾಕಿ ಮುದುಕಿ ಅದಾಳ. ಆಕಿ ಕಾಲಿಗೂ ಇವ ಬಾಗ್ತಾನ. ಕಂಡದ್ದು ಹೇಳಪ್ಪಾ."

ಕಂಡದ್ದನ್ನು ಕಂಡಂತೆ ಪೊಲೀಸರಿಗೆ ಹೇಳಿ ಸಹಿ ಮಾಡಿದೆ. ರಿವಾಲ್ವರ್ ಹೋಯಿತು, ಲೈಸೆನ್ಸ್ ರದ್ದಾಯಿತು. ಬಸವರಾಜ ಒಂದು ವರ್ಷ ನನ್ನೊಡನೆ ಮಾತು ಬಿಟ್ಟ. ಈಗ ಆಡುತ್ತಾನೆ, ಆದರೆ ಮೊದಲಿನಷ್ಟಿಲ್ಲ. ಈಗಲೂ ಒಮ್ಮೊಮ್ಮೆ ಊಟದ ನಡುವೆ ಆ ವಸ್ತು ತಿರುಗುತ್ತಾ ಇಳಿಯುವುದು ಕಾಣುತ್ತದೆ, ತುತ್ತು ಕೈಯಲ್ಲೇ ನಿಲ್ಲುತ್ತದೆ. ಹುಸೇನಸಾಬರ ಮಾತಿಗೆ ನಾನು ನಗದೆ ಇದ್ದಿದ್ದರೆ ಅವನು ಅದನ್ನು ಮನೆಯಲ್ಲಿಟ್ಟು ಬರುತ್ತಿದ್ದನೋ ಏನೋ.

ಸದ್ದು ಕೇಳಿದವರು ಓಣಿ ತುಂಬ ಇದ್ದಾರೆ. ಅದು ಜಾರಿದ ಹೊತ್ತಿಗೆ ಕಟ್ಟೆಯ ಹತ್ತಿರ ಇದ್ದವರು ನಾವು ನಾಲ್ವರೇ. ಹುಸೇನಸಾಬರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಈಗ ಉಳಿದಿರುವವರು ನಾನು, ಬಸವರಾಜ, ಮತ್ತು ಎಂಬತ್ತು ದಾಟಿದ ನನ್ನ ಅವ್ವ, ಮಲ್ಲಮ್ಮ.