ತೌಡಿಗೆ ಕೊಂಡ ಕೂಸು

ಪಟಾನ್‌ಚೆರುವಿನಿಂದ ಹೊರಡುವ ಬಸ್ಸಿನಲ್ಲಿ ಶರಣಬಸಮ್ಮ ಎಂದೂ ಕಿಟಕಿಯ ಪಕ್ಕ ಕೂರುತ್ತಿರಲಿಲ್ಲ. ಬಿಸಿಲು ಅವಳಿಗೆ ಹೊಸದಲ್ಲ. ಮಡಿಲಲ್ಲಿದ್ದ ನೀಲಿ ಡಬ್ಬಿಗೆ ಮಾತ್ರ ಅದು ಆಗದು. ಡಬ್ಬಿಯೊಳಗೆ ಐಸಿನ ಪೊಟ್ಟಣಗಳು, ಅವುಗಳ ನಡುವೆ ಕಾರ್ಖಾನೆ ಕೂಲಿಗಳ, ಕಟ್ಟಡ ಕೆಲಸದವರ, ಅವರ ಹೆಂಡಂದಿರ ರಕ್ತ. ಎಚ್‌ಐವಿ ಇದ್ದವರಿಗೆ ಗುಳಿಗೆ ನಾಟುತ್ತಿದೆಯೋ ಇಲ್ಲವೋ, ತಾಯಿಯಿಂದ ಕೂಸಿಗೆ ಇಳಿದಿದೆಯೋ ಇಲ್ಲವೋ ಎಂದು ಹೇಳುವ ಲ್ಯಾಬು ಹೈದರಾಬಾದಿನ ಆಚೆ ತುದಿಯಲ್ಲಿತ್ತು. ದವಾಖಾನೆಗೂ ಲ್ಯಾಬಿಗೂ ನಡುವೆ ಇವಳು.

"ದಿನಾ ಡಬ್ಬಿ ತುಂಬ ಕುಲ್ಫಿ ಒಯ್ತೀಯಲ್ಲವ್ವಾ, ನನಗೊಂದು ಕೊಡಂಗಿಲ್ಲ," ಎಂದು ನಾರಾಯಣಪೇಟೆ ಕಡೆಯ ಕಂಡಕ್ಟರ್ ಹುಲಗೇಶ ಕೆಣಕುತ್ತಿದ್ದ.

"ಈ ಕುಲ್ಫಿ ತಿಂದ್ರ ನಿನ್ನ ಮೀಸಿ ಉದುರ್ತಾವ. ಹೆಂಗಸರ ಸೊನ್ನಿ ಟಿಕೇಟ್ ಹರಿ ಸುಮ್ನ."

ಯಾದಗಿರಿ ಕಡೆಯ ಹಳ್ಳಿಯಿಂದ ಗಂಡ ದ್ಯಾವಪ್ಪನ ಹಿಂದೆ ಬಂದು, ಮಿಯಾಪುರದ ಅಪಾರ್ಟ್‌ಮೆಂಟುಗಳಿಗೆ ಬುಟ್ಟಿ ಬುಟ್ಟಿ ಮರಳು ಹೊತ್ತವಳು ಅವಳು. ದ್ಯಾವಪ್ಪನನ್ನು ತಿಂದ ರೋಗ ಯಾವುದೆಂದು ತಿಳಿದ ದಿನವೇ ಅದು ತನ್ನಲ್ಲೂ ಇದೆ ಎಂದು ತಿಳಿಯಿತು. ಗುಳಿಗೆ ನುಂಗಿದಳು, ಬದುಕಿದಳು. ಹಾಗೆ ಬದುಕಿದ್ದಕ್ಕೇ ಕೆಲಸ ಸಿಕ್ಕಿತು. ದೂರದ ದೇಶವೊಂದರ ನೆರವಿನಲ್ಲಿ ನಡೆಯುವ ಯೋಜನೆಯದು. ಲ್ಯಾಬಿನ ಯಂತ್ರ, ಅದಕ್ಕೆ ಹಾಕುವ ಕಿಟ್ಟು, ನೀಲಿ ಡಬ್ಬಿ ಎಲ್ಲವೂ ಅಲ್ಲಿಂದಲೇ. ಡಬ್ಬಿ ಹೊರುವ ಇವಳ ಪಗಾರವೂ, ಲ್ಯಾಬಿನಲ್ಲಿ ಕೂತು ರಿಪೋರ್ಟುಗಳನ್ನು ಅವರವರ ದವಾಖಾನೆಗೆ ಮುಟ್ಟಿಸುವ ಆನಂದಕುಮಾರನ ಪಗಾರವೂ ಅಲ್ಲಿಂದಲೇ.

ಆನಂದಕುಮಾರನ ತಂದೆ ಬೀದರಿನಿಂದ ಬಂದು ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ದುಡಿದವರು. ಮಗ ಹೈದರಾಬಾದಿನಲ್ಲೇ ಹುಟ್ಟಿದರೂ ಮನೆಯ ಕನ್ನಡ ಬಿಟ್ಟಿರಲಿಲ್ಲ, ಊರಿನ ನಡೆ ಮರೆತಿರಲಿಲ್ಲ. ಕಳಿಸಿದ್ದರಲ್ಲಿ ಹೆಸರು, ನಂಬರು ತಾಳೆಯಾಗದಿದ್ದರೆ ಫೋನು ಮಾಡುತ್ತಿದ್ದ.

"ಅವ್ವಾ, ಈ ಸಲ ಯಾರ ಕೂಸು ಕೊಂಡೀರಿ?"

"ಸುಗಲಮ್ಮನ ಮಗನ್ನಪ್ಪಾ. ತಾಯಿ ಹೆಸರು ಆಕೀದು ಹಾಕು, ನಂದು ತಗಿ."

ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ್ದನ್ನು ಮಾರಿಬಿಡುವುದು ಅವರ ಕಡೆಯ ರೂಢಿ. ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಇನ್ನೊಬ್ಬಳಿಂದ ಮೊರ ತುಂಬ ತೌಡು ಇಸಿದುಕೊಂಡು, ಅವಳ ಮಡಿಲಿಗೆ ಹಾಕುತ್ತಾರೆ. ಹಾಲೂಡಿ ಬೆಳೆಸುವವಳು ಹೆತ್ತವಳೇ. ಆದರೆ ಯಾರು ಕೇಳಿದರೂ ಕೊಂಡವಳ ಹೆಸರನ್ನೇ ಹೇಳಬೇಕು. ಹುಡುಕಿಕೊಂಡು ಬಂದ ಸಾವು ಈ ಮನೆಯದಲ್ಲವೆಂದು ತಿರುಗಿ ಹೋಗಲಿ ಎಂದು.

ಮಿಯಾಪುರದ ಆಚೆ ತಗಡಿನ ಶೆಡ್ಡಿನಲ್ಲಿದ್ದ ಗಂಗಾಳ ಚೊಚ್ಚಲ ಕೂಸು ತೊಟ್ಟಿಲು ಕಾಣುವ ಮೊದಲೇ ಹೋಗಿತ್ತು. ಎರಡನೆಯದಕ್ಕೆ ಬಸುರಾದಾಗ ಪರೀಕ್ಷೆಗೆ ಕರೆದೊಯ್ದವಳು, ರೋಗ ಇದೆಯೆಂದು ತಿಳಿದ ಸಂಜೆ ಪಕ್ಕದಲ್ಲಿ ಕೂತವಳು ಶರಣಬಸಮ್ಮನೇ. ಹುಟ್ಟಿದ್ದು ಹೆಣ್ಣು. ಆ ಸೈಟಿನಲ್ಲಿ ತಿಪ್ಪೆ ಎಲ್ಲಿಂದ ಬರಬೇಕು? ಹರಿದ ಸಿಮೆಂಟು ಚೀಲಗಳ ಗುಡ್ಡೆಯ ಮೇಲೆ ಕೂಸನ್ನು ಉರುಳಿಸಿದರು. ಶರಣಬಸಮ್ಮ ಎಮ್ಮೆ ತಬೇಲಾದಿಂದ ತೌಡು ತಂದು ಕೊಟ್ಟು, ಕೂಸನ್ನು ಎತ್ತಿಕೊಂಡು ತಿಪ್ಪವ್ವ ಎಂದು ಕೂಗಿದಳು.

"ಭಾಳ ಅಗ್ಗ ಆತಲ್ಲಕ್ಕಾ," ಎಂದು ಗಂಗಾ ನಕ್ಕಳು. ಬಾಣಂತಿಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ನಿನ್ನ ಮಗಳ ಮಾರಿ ನೋಡಿ ಇಷ್ಟ ಕೊಟ್ಟೀನಿ. ಬಂಗಾರ ಕೊಡ್ಲೇನು?"

ಒಂದೂವರೆ ತಿಂಗಳಿಗೆ ಕೂಸಿನ ಹಿಮ್ಮಡಿ ಚುಚ್ಚಿ ಕಾರ್ಡಿನ ಮೇಲೆ ರಕ್ತ ತೆಗೆದರು. ಬಂದಿದ್ದ ಹೊಸ ನರ್ಸು ತೆಲುಗಿನಲ್ಲಿ ತಾಯಿಯ ಹೆಸರು ಕೇಳಿದಳು. ಗಂಗಾ ತನ್ನ ಚಿಕಿತ್ಸೆಯ ನಂಬರು ತೋರಿಸಿದಳು; ಹೆಸರು ಮಾತ್ರ ಶರಣಬಸಮ್ಮ ಎಂದಳು. ಪಕ್ಕದಲ್ಲೇ ಇದ್ದ ಶರಣಬಸಮ್ಮ ತಿದ್ದಲಿಲ್ಲ. ಸೂಜಿ ಚುಚ್ಚಿದ ಹೊತ್ತಿನಲ್ಲೇ ಹೆತ್ತವಳ ಹೆಸರು ಎತ್ತುವುದೆಂದರೆ, ಸಾವನ್ನು ಕೂಗಿ ಕರೆದಂತೆ. ಲ್ಯಾಬಿನಲ್ಲಿ ಆನಂದಕುಮಾರನಿಗೆ ಹೇಳಿದರಾಯಿತು ಎಂದುಕೊಂಡಳು.

ಲ್ಯಾಬಿಗೆ ಹೋದರೆ ಅವನ ಕುರ್ಚಿ ಮೇಜಿನ ಮೇಲೆ ಬೋರಲಾಗಿತ್ತು. ಆ ದೇಶದವರು ಒಂದೇ ಆದೇಶಕ್ಕೆ ನೆರವು ನಿಲ್ಲಿಸಿದ್ದರು. ಅವನನ್ನು ಬೆಳಿಗ್ಗೆಯೇ ಮನೆಗೆ ಕಳಿಸಿದ್ದರು. ಲ್ಯಾಬಿನ ಕಿಟಕಿಯಲ್ಲಿ ಕಾರ್ಡು ಇಸಿದುಕೊಳ್ಳುವವನಿಗೆ ಕನ್ನಡ ಬಾರದು. ಶರಣಬಸಮ್ಮ ತನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದಳು: "ಬಚ್ಚೀ ಮೇರೀಚ್ ಹೈ ಸಾಬ್, ಲೇಕಿನ್ ಮೇರೀ ನೈ."

ಮಗು ನನ್ನದೇ, ಆದರೆ ನನ್ನದಲ್ಲ. ಅವನು ಅವಳ ನರೆತ ಕೂದಲು ನೋಡಿ ನಕ್ಕು, ಕಾರ್ಡು ತೆಗೆದುಕೊಂಡ. ಅವಳೂ ನಕ್ಕಳು. ಆನಂದಕುಮಾರ ನಾಳೆ ನಾಡಿದ್ದು ಬಂದೇ ಬರುತ್ತಾನೆ, ಫೋನು ಮಾಡುತ್ತಾನೆ ಎಂದುಕೊಂಡು ಬಸ್ಸು ಹತ್ತಿದಳು.

ಅದೇ ವಾರ ಅವಳ ಕೆಲಸವೂ ಹೋಯಿತು. ಗಚ್ಚಿಬೌಲಿಯ ಫ್ಲಾಟೊಂದರಲ್ಲಿ ಪಾತ್ರೆ ತಿಕ್ಕಲು ಹೋಗತೊಡಗಿದಳು. ಫೋನನ್ನು ಸೆರಗಿನ ತುದಿಗೆ ಕಟ್ಟಿಕೊಂಡು ತಿಕ್ಕುತ್ತಿದ್ದಳು. ಅದು ಬಡಿದುಕೊಳ್ಳಲಿಲ್ಲ. ಅಷ್ಟರಲ್ಲಿ ತಿಪ್ಪವ್ವ ಮೊಲೆ ಬಿಟ್ಟಳು.

"ಅಕ್ಕಾ, ನಿನ್ನ ಮಗಳು ಹಾಲು ಕುಡಿಯಾಕತ್ತಿಲ್ಲ. ಉಸಿರು ಒಂಥರಾ ಜಗ್ಗಾಕತ್ಯಾಳ."

ಆಸ್ಪತ್ರೆಯ ಡಾಕ್ಟರು ಕೆಮ್ಮಿಗೆ ಔಷಧ ಬರೆದರು. ಎಚ್‌ಐವಿಯ ಔಷಧ ಶುರು ಮಾಡಲು ಲ್ಯಾಬಿನ ರಿಪೋರ್ಟು ಬೇಕು, ಬೇಗ ತನ್ನಿ ಎಂದರು. ಶರಣಬಸಮ್ಮ ಆನಂದಕುಮಾರನಿಗೆ ತಾನೇ ಫೋನು ಹಚ್ಚಿದಳು.

"ಅವ್ವಾ, ನನ್ನ ಕೈಯಾಗ ಈಗ ಏನೂ ಇಲ್ರಿ. ಒಳಗ ಬಿಡಂಗಿಲ್ಲ ನನ್ನ," ಎಂದ ಅವನು. ಹಿಂದೆ ಗಾಡಿಗಳ ಹಾರ್ನು ಕೇಳುತ್ತಿತ್ತು. "ನೀವ ಹೋಗ್ರಿ. ಕಿಟಕಿ ಬಿಟ್ಟು ಕದಲಬ್ಯಾಡ್ರಿ."

ಅವಳು ಕದಲಲಿಲ್ಲ. ಕಿಟಕಿಯವನು ಕೊನೆಗೆ ಒಳಗಿನಿಂದ ಒಂದು ಟ್ರೇ ತಂದ. ತಿಪ್ಪವ್ವನ ಕಾರ್ಡು ಅದರಲ್ಲಿತ್ತು. ಹೆಸರು ಒಬ್ಬಳದು, ನಂಬರು ಇನ್ನೊಬ್ಬಳದು ಎಂದು ಯಂತ್ರಕ್ಕೆ ಹಾಕದೆ ಪಕ್ಕಕ್ಕಿಟ್ಟಿದ್ದರು.

"ಪೂಛನೇವಾಲಾ ಕೋಯೀ ನೈ ಥಾ, ಅಮ್ಮಾ," ಎಂದ ಅವನು. ಕೇಳಿ ತಿಳಿದುಕೊಳ್ಳುವವರು ಯಾರೂ ಉಳಿದಿರಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಗಂಗಾಳ ಹೆಸರು ಹೇಳಿದಳು. ಜೋರಾಗಿಯೇ ಹೇಳಿದಳು, ಎರಡೆರಡು ಸಲ. ಅವನು ಬರೆದುಕೊಂಡ. ಆದರೆ ಕಿಟ್ಟು ತೀರಿದ್ದವು. ಮತ್ತೆ ಯಾವಾಗ ಬರುತ್ತವೆಂದು ಅವನಿಗೂ ಗೊತ್ತಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಬಿಸಿಲು ನೇರ ಮಡಿಲಿಗೆ ಬೀಳುತ್ತಿತ್ತು. ಹುಲಗೇಶ ಖಾಲಿ ಮಡಿಲು ನೋಡಿ ಟಿಕೇಟು ಹರಿದು ಕೊಟ್ಟ.

ಕಿಟ್ಟು ಬರುವ ಮೊದಲೇ ತಿಪ್ಪವ್ವ ಹೋದಳು.

ಶೆಡ್ಡಿನ ಹೆಂಗಸರು ರೂಢಿ ತಪ್ಪಿಸಲಿಲ್ಲ. ಕೂಸನ್ನು ತಂದು ಕೊಂಡವಳ ಮಡಿಲಿಗೇ ಹಾಕಿದರು. ಆ ಮಡಿಲು ಡಬ್ಬಿಯ ಭಾರಕ್ಕೆ ಒಗ್ಗಿದ್ದದ್ದು. ಕೂಸು ಅದಕ್ಕಿಂತ ಹಗುರವಾಗಿತ್ತು. ಶರಣಬಸಮ್ಮ ಅತ್ತಳು, ತಾಯಿ ಅಳುವಂತೆ, ಎದೆ ಬಡಿದುಕೊಂಡು. ತನ್ನ ಗಂಡನ ಪಕ್ಕ ಗೋಡೆಗೊರಗಿ ಕೂತಿದ್ದ ಗಂಗಾ ಬಾಯಿಗೆ ಸೆರಗು ತುರುಕಿಕೊಂಡು ಸುಮ್ಮನೆ ನೋಡುತ್ತಿದ್ದಳು. ಮಾರಿದವಳು ಅಳಬಾರದು.

ಸ್ವಲ್ಪ ಹೊತ್ತಿಗೆ ಅವಳು ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಮೊರವಿತ್ತು. ಅಂದಿನ ತೌಡೇ ಅದು. ಗಂಟು ಕಟ್ಟಿ ಇಟ್ಟಿದ್ದಳು, ಹುಳ ಬಿದ್ದಿತ್ತು.

"ನಿನ್ನ ತೌಡು ನೀ ತಗೊಂಡ್ಬಿಡಕ್ಕ," ಎಂದಳು. "ನನ್ನ ಕೂಸು ನನಗ ಕೊಡು."

ಹೆಂಗಸರು ಸರಿದು ಅವಳಿಗೆ ದಾರಿ ಬಿಟ್ಟರು. ಶರಣಬಸಮ್ಮ ಎರಡೂ ಕೈಯಿಂದ ಕೂಸನ್ನು ಎತ್ತಿ ಕೊಟ್ಟು, ಮೊರ ಇಸಿದುಕೊಂಡಳು. ಆಗ ಗಂಗಾ ಅತ್ತಳು. ಶೆಡ್ಡಿನ ತಗಡು ಅದುರುವಂತೆ ಅತ್ತಳು.

ಇನ್ನು ಶರಣಬಸಮ್ಮ ಅಳುವ ಹಾಗಿರಲಿಲ್ಲ. ಹೊರಗೆ ಗಾಳಿ ಎದ್ದಿತ್ತು. ತೌಡು ಹಾರದಂತೆ ಮೊರದ ಮೇಲೆ ಸೆರಗು ಮುಚ್ಚಿಕೊಂಡು ಕೂತಳು.