ಅಂಚಿನ ಕಲ್ಲುಗುಪ್ಪೆ

ಟಕ್, ಟಕ್, ಆಮೇಲೆ ಬೋಳುಬಂಡೆಯ ಮೇಲೆ ಕಲ್ಲು ಉರುಳಿ ನಿಲ್ಲುವ ಸದ್ದು. ಕಮರಿಯಾಚೆಯ ಕೆಂಪು ಗೋಡೆ ಅದನ್ನು ಸ್ವಲ್ಪ ತಡವಾಗಿ ಹಿಂತಿರುಗಿಸಿತು. ವರ್ಲೀನ್ ಲಿಸ್ಟನ್ ಇನ್ನೊಂದು ಕಲ್ಲುಗುಪ್ಪೆಯನ್ನು ಬೂಟಿನಿಂದ ಕೆಡವಿದ್ದಳು.

ವಾರವಿಡೀ ಅವಳು ಎಸ್ಕಲಾಂಟೆ ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಭಾನುವಾರ ಚರ್ಚು. ಶನಿವಾರ ಮಾತ್ರ ಬಂಡೆಗಳಿಗೆ. ಈ ಬಂಡೆಗಳ ಮೇಲೆ ಎಷ್ಟು ಜನ ತುಳಿದರೂ ಕಾಲುದಾರಿ ಮೂಡುವುದಿಲ್ಲ. ಒಂದರ ಮೇಲೊಂದಿಟ್ಟ ನಾಲ್ಕು ಕಲ್ಲೇ ದಾರಿಯ ಗುರುತು. ಹಳೆಯ ಗುಪ್ಪೆಗಳು ದನ ಕಾಯುತ್ತಿದ್ದ ಅವಳ ಮಾವನ ಕಾಲದವು. ಹೊಸವು ಫೋಟೋಗೆಂದು ಯಾರೋ ಪೇರಿಸಿ ಬಿಟ್ಟುಹೋದವು, ದಾರಿ ತಪ್ಪಿಸುವಂಥವು; ಅವನ್ನೇ ಅವಳು ಕೆಡವುವುದು. ಅಂಥದ್ದೊಂದನ್ನು ನಂಬಿಯೇ ಅವಳ ಗಂಡ ಡೆಲ್ಮಾರ್, ಮೋಡ ಕವಿದ ಒಂದು ಸಂಜೆ, ಇಳಿಜಾರಿನ ಅಂಚಿಗೆ ಹೋದದ್ದು. ಜಾರಿ, ಕೆಳಗೆ ಬಂಡೆಯಲ್ಲಿ ಗೂಡಿನಂತೆ ಚಾಚಿದ ಕಟ್ಟೆಗೆ ಬಿದ್ದ. ಅಲ್ಲಿಂದ ಇಳಿಯಲೂ ಆಗದು, ಹತ್ತಲೂ ಆಗದು. ಹುಡುಕಿದವರು ಮುಟ್ಟುವ ಹೊತ್ತಿಗೆ ಅವನ ನೀರಿನ ಬಾಟಲಿ ಒಣಗಿತ್ತು, ಬೆರಳ ತುದಿಗಳು ಸವೆದಿದ್ದವು. ಬೆರಳುಗಳನ್ನು ಅವಳಿಗೆ ತೋರಿಸಬಾರದೆಂದು ಶವಪೆಟ್ಟಿಗೆಯಲ್ಲಿ ಕೈಗವಸು ತೊಡಿಸಿದ್ದರು. ಅವಳು ಬಿಚ್ಚಿ ನೋಡಿದ್ದಳು.

ಇವತ್ತು ಡೆಲ್ಮಾರ್‌ನ ತಮ್ಮ ಆರ್ವಿಲ್ ಜೊತೆಗಿದ್ದ. ಏನೋ ತೋರಿಸಬೇಕು ಅಂದಿದ್ದ. ಅವಳು ಪ್ರತಿ ಶನಿವಾರ ಒಯ್ಯುವ ಹಗ್ಗ ಇವತ್ತು ಅವನ ಬೆನ್ನಿನ ಚೀಲದಲ್ಲಿತ್ತು. ಬೆಳಿಗ್ಗೆ ದಾರಿ ಶುರುವಾಗುವಲ್ಲಿ ಬೇರೆ ರಾಜ್ಯದ ಬಿಳಿ ಕಾರೊಂದು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ.

"ನಮಗಿಂತ ಮೊದಲೇ ಎದ್ದಿದಾನೆ ಪುಣ್ಯಾತ್ಮ" ಎಂದು ಆರ್ವಿಲ್ ನಕ್ಕಿದ್ದ. "ಈ ಹಗ್ಗ ಹೊರೋಕೆ ನಾನೇನು ಹೇಸರಗತ್ತೆನಾ, ಸಿಸ್ಟರ್ ಲಿಸ್ಟನ್?" ಚರ್ಚಿನಲ್ಲಿ ಎಲ್ಲರೂ ಕರೆಯುವ ಹಾಗೆ ಕರೆದು ಕೆಣಕಿದ್ದ.

"ಕತ್ತೆ ಆಗಿದ್ರೆ ಇಷ್ಟು ಮಾತಾಡ್ತಿರಲಿಲ್ಲ. ನಡಿ."

ಈಗ ಏರು ಮುಗಿದು ಅಂಚು ಕಂಡಿತು. ಅಲ್ಲಿ, ಡೆಲ್ಮಾರ್ ಜಾರಿದ ಜಾಗದಲ್ಲೇ, ಎದೆಯೆತ್ತರದ ಕಲ್ಲುಗುಪ್ಪೆ ನಿಂತಿತ್ತು. ತಲೆಯ ಮೇಲೆ ಅವನ ಕುದುರೆಯ ಲಾಳ.

"ಚರ್ಚಿನ ಗಂಡಸರೆಲ್ಲ ಸೇರಿ ಕಲ್ಲು ಹೊತ್ವಿ" ಎಂದ ಆರ್ವಿಲ್, ಟೋಪಿ ತೆಗೆದು. "ಎಲ್ಲಿಂದ ನೋಡಿದ್ರೂ ಕಾಣುತ್ತೆ."

ವರ್ಲೀನ್‌ಳ ಕಣ್ಣು ಲಾಳದ ಮೇಲಿತ್ತು. "ಕಾಣುತ್ತೆ. ಅದಕ್ಕೇ ಇದು ಇರಬಾರದು."

ಅವಳು ಲಾಳವನ್ನು ಇಳಿಸಿ ಚೀಲಕ್ಕೆ ಹಾಕಿಕೊಂಡಳು. ಮೇಲಿನ ಕಲ್ಲನ್ನು ಎರಡೂ ಕೈಯಿಂದ ಎತ್ತಿದಳು.

"ಏನ್ ಮಾಡ್ತಿದೀಯ? ಇದು ದಾರಿ ಗುಪ್ಪೆ ಅಲ್ಲ, ಅವನ ನೆನಪಿಗೆ."

"ಬರೋನಿಗೆ ಹೇಗೆ ಗೊತ್ತಾಗುತ್ತೆ? ಡೆಲ್ಮಾರ್ ಹೆಸರು ಕಲ್ಲಿನ ಮೇಲೆ ಬರೆದಿದೆಯಾ?"

"ಅಮ್ಮ ಇಲ್ಲೀವರೆಗೂ ಬರೋಕಾಗಲ್ಲ ಅಂತ ಈ ಗುಪ್ಪೆ ಫೋಟೋ ಹಿಡ್ಕೊಂಡು ಕೂತಿದಾಳೆ. ಅವಳಿಗೇನು ಹೇಳ್ಲಿ?"

 ಕಲ್ಲನ್ನು ಕೆಳಗಿಡಲು ಬಾಗಿದ ವರ್ಲೀನ್ ಹಾಗೇ ನಿಂತಳು. ಗುಪ್ಪೆಯ ಪಕ್ಕ ಬಂಡೆಯ ತಗ್ಗಿನಲ್ಲಿ ಒಂದು ಹಿಡಿ ಮರಳು ಕೂತಿತ್ತು. ಅದರಲ್ಲಿ ಬೂಟಿನ ಗುರುತು, ಅಂಚಿನ ಕಡೆಗೆ. ರಾತ್ರಿಯಿಡೀ ಗಾಳಿ ಬೀಸಿ ಮರಳನ್ನೆಲ್ಲ ನಯ ಮಾಡಿತ್ತು. ಗುರುತಿನ ಅಂಚು ಮಾತ್ರ ಇನ್ನೂ ಚೂಪಾಗಿತ್ತು, ಇವತ್ತು ಬೆಳಿಗ್ಗೆ ಮೂಡಿದ್ದು. ಹಿಂದಕ್ಕೆ ಬಂದ ಗುರುತು ಎಲ್ಲೂ ಇರಲಿಲ್ಲ.

ಬಿಳಿ ಕಾರು ಅವಳ ಕಣ್ಮುಂದೆ ಬಂತು.

"ಒಂದು ಗುಪ್ಪೆ ವರ್ಲೀನ್, ಒಂದೇ ಒಂದು" ಎನ್ನುತ್ತಿದ್ದ ಆರ್ವಿಲ್. ಅವನ ಕಣ್ಣು ತೇವವಾಗಿತ್ತು. ಅವನು ಮರಳನ್ನು ನೋಡಿರಲಿಲ್ಲ. "ನೀನೊಬ್ಳೇ ಅವನನ್ನ ಕಳ್ಕೊಂಡಿದ್ದಾ? ನಾನೂ ಅವನ ಜೊತೆ ಒಂದೇ ಹಾಸಿಗೇಲಿ ಬೆಳೆದೋನು, ಎಲ್ಲಾದ್ರೂ ಹೋಗಿ ನಿಂತು ಅಳೋಕೆ ನನಗೂ ಒಂದು ಜಾಗ..."

ಅವಳು ಅವನ ಬೆನ್ನಿನ ಚೀಲದಿಂದ ಹಗ್ಗ ಎಳೆದುಕೊಂಡಳು. ಬಂಡೆಯ ಮೇಲೆ ಎಲ್ಲಿಯವರೆಗೆ ಜಾರದೆ ಹೋಗಬಹುದೆಂದು ಅವಳಿಗೆ ಗೊತ್ತಿತ್ತು. ಅವನ ಮಾತು ಇನ್ನೂ ನಡೆದೇ ಇತ್ತು. "ಕೆಳಗೆ ಯಾರಾದ್ರೂ ಇದ್ದೀರಾ?" ಎಂದು ಕೂಗುತ್ತ ಅವಳು ಅಂಚಿನ ಕಡೆ ನಡೆದಳು.